ಬೆಣ್ಣೆ ಮನೆಯಲ್ಲಿ ಎಲುಬಿನ ಪಾಠ

ನಾಲ್ಕನೇ ತರಗತಿಗೆ ಎಲುಬಿನ ಪಾಠ ಮಾಡುವ ದಿನ ಬೆಳಿಗ್ಗೆಯಿಂದಲೇ ನನಗೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ಆವರಗೆರೆಯ ನಮ್ಮ ಶಾಲೆಯಲ್ಲಿ ಇದು ಎಲ್ಲರಿಗೂ ಗೊತ್ತು. ಗಿರಿಜಾ ಟೀಚರ್‌ಗೆ ಇವತ್ತು ಮೂಡ್ ಸರಿಯಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ನಗಲಿ. ಪಾಠವೇನೋ ಚೆನ್ನಾಗಿಯೇ ನಡೆಯುತ್ತದೆ. ತಮ್ಮ ಮೈಯೊಳಗೆ ಇಷ್ಟೊಂದು ಗಟ್ಟಿ ಸಾಮಾನು ಇದೆ ಎನ್ನುವುದೇ ಮಕ್ಕಳಿಗೆ ದೊಡ್ಡ ಸುದ್ದಿ. ಮೊಣಕಾಲಿನ ಚಿಪ್ಪು ಅಲ್ಲಾಡಿಸಿ ನೋಡುತ್ತಾರೆ, ಪಕ್ಕದವನ ಬೆನ್ನಿನ ಮೇಲೆ ಬೆರಳು ಓಡಿಸಿ ಕಚಗುಳಿ ಇಡುತ್ತಾರೆ, ಒಬ್ಬ ತನ್ನ ಮೂಗಿನಲ್ಲಿ ಎಲುಬು ಎಲ್ಲಿಗೆ ಮುಗಿಯುತ್ತದೆ ಎಂದು ಹುಡುಕುತ್ತಾ ಪಾಠವನ್ನೇ ಮರೆಯುತ್ತಾನೆ. ಹಾಲು, ಮೊಸರು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆಸೊಪ್ಪು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಬಿಸಿಲಿನಲ್ಲಿ ಆಡಬೇಕು, ಓಡಬೇಕು, ಕುಣಿಯಬೇಕು, ಚಿಕ್ಕಂದಿನಲ್ಲಿ ಎಲುಬಿಗೆ ಕೂಡಿಟ್ಟದ್ದೇ ಮುಪ್ಪಿನ ತನಕ ಬರುವುದು ಎಂದು ಹೇಳುತ್ತೇನೆ. ಈ ವರ್ಷ ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ ಎದ್ದು ನಿಂತಳು.

"ಟೀಚರ್, ಅವ್ವಂದಿರಿಗೂ ಎಲುಬು ಇರ್ತಾವಾ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. "ಇರ್ತಾವಮ್ಮಾ, ಕೂತ್ಕೋ" ಎಂದು ಹೇಳಿ, ನೀರು ಕುಡಿದು ಬರುತ್ತೇನೆಂದು ನಾನು ಹೊರಗೆ ಬಂದೆ. ಆ ಮಗುವಿಗೆ ಏನು ಗೊತ್ತು? ಈ ಪಾಠವನ್ನು ನನಗೆ ಕಲಿಸಿದವನು ನನ್ನ ಅಪ್ಪ. ಹರಿಹರದ ಸರ್ಕಾರಿ ಶಾಲೆಯಲ್ಲಿ ಅವನು ಮೇಷ್ಟ್ರು, ನಾನು ಅವನದೇ ತರಗತಿಯ ಹುಡುಗಿ. ಅವನಷ್ಟು ಚೆಂದಾಗಿ ಎಲುಬಿನ ಪಾಠ ಮಾಡುವವರನ್ನು ನಾನು ಈವರೆಗೆ ಕಂಡಿಲ್ಲ. ಆ ಪಾಠ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ ಎನ್ನುವುದೇ ನನ್ನ ಸಂಕಟ.

ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಜನ ಅದನ್ನು ಬೆಣ್ಣೆ ಮನೆ ಎನ್ನುತ್ತಿದ್ದರು. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲ ಬಾಗಿಲು. ಹಿತ್ತಲಿಗೂ ತಗಡು ಹೊದಿಸಿ ಎಮ್ಮೆಗಳನ್ನು ಕಟ್ಟಿದ್ದರಿಂದ ಅಲ್ಲೂ ಬಿಸಿಲಿಗೆ ಜಾಗವಿರಲಿಲ್ಲ. ನಡುಮನೆಯಲ್ಲಿ ಅಕ್ಕಿ ಆರಿಸಲು ಹಗಲಲ್ಲೂ ದೀಪ ಹಾಕಬೇಕಿತ್ತು. ಕಟ್ಟೆ ಗಂಡಸರದು. ಚಳಿಗಾಲದ ಬೆಳಿಗ್ಗೆ ದೊಡ್ಡಪ್ಪ ಅಲ್ಲಿ ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಾ ಬಿಸಿಲು ಕಾಯಿಸುತ್ತಿದ್ದ. ಮನೆಯ ಸೊಸೆ ಕಟ್ಟೆಗೆ ಬಂದು ಕೂರುವುದೆಂದರೇನು, ಅಂಥದ್ದನ್ನು ಯಾರೂ ಕೇಳಿರಲೂ ಇಲ್ಲ. ದೊಡ್ಡವ್ವ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಹಾಗಾಗಿ ಅಜ್ಜಿಯ ಕೈಕೆಳಗೆ ಆ ಮನೆಗೆ ಸೊಸೆ ಅಂತ ಇದ್ದವಳು ನನ್ನ ಅವ್ವ ನೀಲಮ್ಮ ಒಬ್ಬಳೇ. ಬೆಣ್ಣೆಯ ವ್ಯಾಪಾರ ದೊಡ್ಡಪ್ಪನದು. ನಮ್ಮ ಎಮ್ಮೆಗಳ ಹಾಲು ಸಾಲದೆ ಭಾನುವಳ್ಳಿಯಿಂದಲೂ ಹಾಲು ತರಿಸುತ್ತಿದ್ದ. ರಾತ್ರಿ ಹೆಪ್ಪು ಹಾಕಿದ್ದನ್ನು ಅವ್ವ ಕೋಳಿ ಕೂಗುವಾಗ ಎದ್ದು ಕಡೆಯಬೇಕು. ಬೆಳಕು ಹರಿಯುವಷ್ಟರಲ್ಲಿ ಬೆಣ್ಣೆ ಡಬ್ಬಿ ತುಂಬಿ, ದೊಡ್ಡಪ್ಪನ ಜೊತೆ ದಾವಣಗೆರೆಯ ಬಸ್ಸು ಹತ್ತಿ, ಅಲ್ಲಿನ ದೋಸೆ ಹೋಟೆಲುಗಳ ಹೆಂಚು ಸೇರುತ್ತಿತ್ತು.

ಬೆಣ್ಣೆ ಹೋದ ಮೇಲೆ ಉಳಿಯುವುದು ಮಜ್ಜಿಗೆ. ಅದನ್ನು ಮಾರಬಾರದು ಎನ್ನುವುದು ನಮ್ಮ ಮನೆತನದ ಕಟ್ಟು. ಬೆಣ್ಣೆ ವ್ಯಾಪಾರಕ್ಕೆ, ಮಜ್ಜಿಗೆ ಧರ್ಮಕ್ಕೆ ಎಂದು ಅಜ್ಜಿ ಹೇಳುತ್ತಿದ್ದಳು. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆಯುವ ಹೊತ್ತಿಗೆ ಓಣಿಯ ಅರ್ಧ ಜನ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ಕೂಲಿಯವರು, ಬೀಡಿ ಕಟ್ಟುವವರು, ಹೊಳೆಯಿಂದ ಬಟ್ಟೆ ಒಗೆದು ಬಂದವರು, ಎಲ್ಲರಿಗೂ ಇತ್ತು. ಯಾವ ಜಾತಿ ಎಂದು ಅಜ್ಜಿ ಕೇಳಿದವಳಲ್ಲ. ಬಂದವರಿಗೆ ಇಲ್ಲ ಎನ್ನಬಾರದು, ತಂಬಿಗೆ ಬರಿದಾಗಿ ವಾಪಸು ಹೋಗಬಾರದು. ಮನೆಯ ಹೆಂಗಸರು ಕುಡಿಯುವುದು ಎಲ್ಲರೂ ಹೋದ ಮೇಲೆ. ಗಡಿಗೆಯ ಬಾಯಿಗೆ ಕೂತು ಸೌಟು ಹಿಡಿದು ಅಳೆದು ಕೊಡುತ್ತಿದ್ದವಳು ಅವ್ವ. ಜನ ಹೆಚ್ಚಿದ ದಿನ ನೀರು ಬೆರೆಸುತ್ತಿದ್ದಳು, ಇನ್ನೂ ಹೆಚ್ಚಿದರೆ ಇನ್ನಷ್ಟು ನೀರು. ಕಡೆಗೆ ಗಡಿಗೆಗೆ ಅಂಟಿದ್ದನ್ನು ತೊಳೆದ ಬೆಳ್ಳನೆಯ ನೀರಿಗೆ ಉಪ್ಪು ಹಾಕಿ, ಅದರಲ್ಲಿ ರಾತ್ರಿಯ ರೊಟ್ಟಿ ಅದ್ದಿ ತಿನ್ನುವಳು. ಹಾಲು ಮಕ್ಕಳಿಗೆ, ಮೊಸರು ಗಂಡಸರಿಗೆ, ತುಪ್ಪ ಹಬ್ಬಕ್ಕೆ. ಯಾರೂ ಅವಳಿಗೆ ಬೇಡ ಎನ್ನಲಿಲ್ಲ, ಅದಂತೂ ಖರೆ. ಬೇಕಾ ಎಂದೂ ಯಾರೂ ಕೇಳಲಿಲ್ಲ.

ಅವ್ವನ ತವರು ಬಾತಿ. ಅಲ್ಲಿ ಅವಳು ತುಂಬಿದ ಕೊಡ ತಲೆಯ ಮೇಲೊಂದು, ಸೊಂಟದ ಮೇಲೊಂದು ಹೊತ್ತು ಓಡುತ್ತಿದ್ದಳಂತೆ. ಸೋದರಮಾವ ಹೇಳಿದಾಗ ನಾವು ನಂಬುತ್ತಿರಲಿಲ್ಲ, ಏಕೆಂದರೆ ನಾವು ಕಂಡ ಅವ್ವ ಗೋಡೆ ಹಿಡಿದು ಏಳುತ್ತಿದ್ದಳು, ಅತ್ತಿಂದಿತ್ತ ಓಲಾಡಿಕೊಂಡು ನಡೆಯುತ್ತಿದ್ದಳು. ನನ್ನ ಇಬ್ಬರು ತಮ್ಮಂದಿರು ಅವಳ ಹಿಂದೆ ಹಾಗೇ ನಡೆದು ಅಣಕಿಸಿದರೆ ಅವಳೂ ನಗುತ್ತಿದ್ದಳು. ಮೂರು ಹೆರಿಗೆಯಲ್ಲೂ ಅವಳನ್ನು ಕತ್ತಲೆ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿ ಕೂರಿಸಿದ್ದರು. ಥಂಡಿಯಾಗುತ್ತದೆ ಎಂದು ಆ ತಿಂಗಳುಗಳಲ್ಲಿ ಗಡಿಗೆ ತೊಳೆದ ನೀರೂ ಇರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವಳ ಕಾಲು ಒತ್ತುವುದು ನನ್ನ ಕೆಲಸ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಬೆರಳು ತಾಗಿದರೂ ಹಾ ಎನ್ನುವಳು.

"ಎಲ್ಲಿ ನೋಯ್ತೈತೆ ಯವ್ವಾ?"

"ಎಲ್ಲಿ ಅಂತ ಹೇಳ್ಲಿ? ಒಳಗೆ ನೋಯ್ತೈತೆ. ಎಲುಬೆಲ್ಲ ಹಸಿ ಗಾಯ ಆದಂಗೆ."

"ಬಾಣಂತನದಾಗ ಗಾಳಿ ಹೊಕ್ಕೈತೆ" ಎಂದು ಅಜ್ಜಿ ನಡುಮನೆಯಿಂದ ಹೇಳುವಳು. ಹರಳೆಣ್ಣೆ ಬಿಸಿ ಮಾಡಿ ತಾನೇ ತಂದು ಕೊಡುವಳು. ಅಜ್ಜಿಯನ್ನು ರಾಕ್ಷಸಿ ಮಾಡಿ ಹೇಳುವುದು ನನಗೆ ಸುಲಭ, ಆದರೆ ಅವಳು ಹಾಗಿರಲಿಲ್ಲ. ತಾನೂ ಅದೇ ಗಡಿಗೆಯ ತೊಳೆದ ನೀರು ಕುಡಿದು ಬಾಳಿದವಳು. ಅವಳಿಗೆ ಗೊತ್ತಿದ್ದದ್ದೇ ಅಷ್ಟು.

ನಾನು ನಾಲ್ಕನೇ ತರಗತಿಗೆ ಬಂದ ವರ್ಷ ಅಪ್ಪನ ಎಲುಬಿನ ಪಾಠ ಕೇಳಿದೆ. ತರಗತಿಯಲ್ಲಿ ಅವನು ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಮಕ್ಕಳನ್ನು ಶಾಲೆಯ ಬಯಲಿಗೆ ಕರೆದುಕೊಂಡು ಹೋಗಿ, ಒಬ್ಬ ಹುಡುಗನನ್ನು ನೆಲದ ಮೇಲೆ ಮಲಗಿಸಿ, ಅವನ ಸುತ್ತ ಇದ್ದಿಲಿನಿಂದ ಗೆರೆ ಎಳೆದ. ಹುಡುಗ ಎದ್ದ ಮೇಲೆ ಆ ಗೆರೆಯೊಳಗೆ ಜೋಳದ ದಂಟು ಮುರಿದು ಇಡುವುದು ನಮ್ಮ ಕೆಲಸ. ತೊಡೆಗೆ ಉದ್ದದ ದಂಟು, ಪಕ್ಕೆಗೆ ಸಣ್ಣವು, ಬೆರಳಿಗೆ ಚೂರುಗಳು. ನಾವು ಜಗಳವಾಡಿಕೊಂಡು ಒಂದು ಇಡೀ ಮನುಷ್ಯನನ್ನು ಕಟ್ಟಿದೆವು. ಆಮೇಲೆ ಅಪ್ಪ ಎರಡು ದಂಟು ಎತ್ತಿಕೊಂಡ. ಒಂದು ಗಟ್ಟಿಯಾದದ್ದು, ಇನ್ನೊಂದು ಹೊರಗಿನಿಂದ ಹಾಗೇ ಕಂಡರೂ ಒಳಗೆಲ್ಲ ಹುಳ ತಿಂದದ್ದು. ಎರಡನ್ನೂ ಕಲ್ಲಿನ ಮೇಲಿಟ್ಟು ತುಳಿಯಲು ನನ್ನನ್ನು ಕರೆದ. ಒಂದು ತಡೆಯಿತು, ಇನ್ನೊಂದು ಪುಡಿಯಾಯಿತು.

"ಹೊರಗೆ ನೋಡಿದ್ರೆ ಗೊತ್ತಾಗಲ್ಲ ಮಕ್ಕಳಾ" ಎಂದ ಅಪ್ಪ. "ಮೈಗೆ ಬೇಕಾದ್ದು ಊಟದಾಗ ಸಿಗದಿದ್ರೆ ಮೈ ಏನು ಮಾಡ್ತೈತೆ? ಎಲುಬಿನಿಂದ ತಗೊಂಡು ಬಿಡ್ತೈತೆ. ಕೊಡಾದು ನಿಲ್ಲಿಸಿದ್ರೂ ತಗೊಳಾದು ನಿಲ್ಲಲ್ಲ. ಅದಕ್ಕೇ ಹಾಲು, ಮಜ್ಜಿಗೆ, ಸೊಪ್ಪು. ಅದಕ್ಕೇ ಬಿಸಿಲು."

ಎಲ್ಲ ಮಕ್ಕಳೂ ಆ ಪುಡಿಯಾದ ದಂಟು ನೋಡುತ್ತಿದ್ದರೆ ನನಗೆ ಅವ್ವನ ಕಾಲು ಕಾಣಿಸುತ್ತಿತ್ತು. ಮಧ್ಯಾಹ್ನ ಅಪ್ಪನ ಜೊತೆ ಮನೆಗೆ ನಡೆಯುವಾಗ ಅವನ ಶರಟು ಜಗ್ಗಿ ನಿಲ್ಲಿಸಿದೆ.

"ಅಪ್ಪಾ, ಅವ್ವ ಮಜ್ಜಿಗೆ ಕುಡಿಯಾದೇ ಇಲ್ಲ. ಬಿಸಿಲಿಗೂ ಬರಾದಿಲ್ಲ."

ಅಪ್ಪ ನಡುದಾರಿಯಲ್ಲಿ ನಿಂತುಬಿಟ್ಟ. ಪಾಪ, ತನ್ನ ಪಾಠ ತನಗೆ ಆವತ್ತೇ ಮೊದಲು ಕೇಳಿಸಿದ ಹಾಗೆ ಅವನ ಮುಖವಾಯಿತು. ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯ ಮುಂದೆ ಮಾತು ತೆಗೆದ.

"ಯವ್ವಾ, ನಾಳೆಯಿಂದ ನೀಲಾಗೂ ಒಂದು ಲೋಟ ಮಜ್ಜಿಗೆ ಮೊದ್ಲೇ ತೆಗೆದಿಡ್ಬೇಕು. ಆಕಿ ಎಲುಬು ಸವೀತಿದಾವೆ."

"ಯಾಕಪ್ಪಾ, ನಾನೇನು ಬ್ಯಾಡ ಅಂದೀನಾ?" ಅಜ್ಜಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಗಡಿಗೆ ಆಕಿ ಕೈಯಾಗೇ ಐತಲ್ಲ, ಕುಡೀಲಿ. ಆದ್ರೆ ಬಂದೋರು ಬಾಗಿಲಾಗ ನಿಂತಿರುವಾಗ ಮನೆ ಹೆಣ್ಣುಮಗಳು ಮೊದ್ಲು ಬಾಯಿಗೆ ಹಾಕ್ಕೊಂಡ್ರೆ ಅದು ಧರ್ಮದ ಮಜ್ಜಿಗೆ ಹೆಂಗಾಗ್ತೈತೆ? ನಾನೂ ಹಂಗೇ ಬಾಳಿದೋಳು. ನನ್ನ ಎಲುಬು ಮುರಿದಾವಾ?"

ದೊಡ್ಡಪ್ಪ ನಕ್ಕ. "ಸಾಲಿ ಪಾಠ ಸಾಲ್ಯಾಗೇ ಬಿಟ್ಟು ಬಾರೋ ತಮ್ಮಾ. ಉಣ್ಣಾಕೆ ಕೂತಾಗ ಎಲುಬು ಗಿಲುಬು ಅಂತ ಯಾಕ ತೆಗಿತೀಯ?"

ಬಡಿಸುತ್ತಾ ನಿಂತಿದ್ದ ಅವ್ವನಿಗೆ ನಾಚಿಕೆಯಿಂದ ಮುಖ ಕೆಂಪಾಗಿತ್ತು. "ನಂಗೇನೂ ಬ್ಯಾಡ, ಬಿಡ್ರಿ" ಎಂದು ಒಳಗೆ ಹೋದಳು. ಶಾಲೆಯ ಬಯಲಿನಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದ ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿದ. ಅವನು ಒಂದು ಮಾತು ಹೆಚ್ಚಿಗೆ ಆಡಿದ್ದರೆ ಅಜ್ಜಿ ಒಪ್ಪುತ್ತಿದ್ದಳು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಇಲ್ಲ ಅಂತ ಸುಳ್ಳು ಯಾಕೆ ಹೇಳಲಿ?

ದೊಡ್ಡವರು ಮಾಡದ್ದನ್ನು ನಾನೇ ಮಾಡುತ್ತೇನೆಂದು ಹೊರಟೆ. ಮರುದಿನ ಅವ್ವ ಬೆಣ್ಣೆ ತೆಗೆದಿಡಲು ಆಚೆ ತಿರುಗಿದಾಗ ಗಡಿಗೆಯಿಂದ ಒಂದು ತಂಬಿಗೆ ದಪ್ಪ ಮಜ್ಜಿಗೆ ತುಂಬಿ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟೆ. ಜನ ಬಂದರು, ತಗೊಂಡರು, ಹೋದರು. ಗಡಿಗೆ ಬರಿದಾಯಿತು. ಇನ್ನೇನು ತಂದು ಅವಳ ಕೈಗೆ ಕೊಡಬೇಕು, ಕುಡಿಯುವವರೆಗೂ ಬಿಡಬಾರದು ಎಂದು ನಾನು ತಂಬಿಗೆ ಎತ್ತಿಕೊಂಡು ಬಂದೆ. ಅವ್ವ ನೋಡಿದಳು. ಎಲ್ಲಿಯದು ಎಂದು ಅವಳಿಗೆ ತಿಳಿಯಿತು. ಒಂದು ಕ್ಷಣ ಅವಳ ಕಣ್ಣು ತುಂಬಿದವು. ಎರಡೂ ಕೈಯಿಂದ ತಂಬಿಗೆ ತೆಗೆದುಕೊಂಡಳು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಚೌಡಮ್ಮ ಬಂದು ನಿಂತಳು. ಗಾರೆ ಕೆಲಸಕ್ಕೆ ಹೋಗುವವಳು, ಆಗ ತುಂಬು ಬಸುರಿ.

"ತಡ ಆತ್ರಕ್ಕಾ. ಖಾಲಿ ಆತೇನ್ರಿ?"

"ಇಲ್ಲ ಇಲ್ಲ, ಐತೆ ಬಾ" ಎಂದಳು ಅವ್ವ. ತುಂಬಿದ ತಂಬಿಗೆಯನ್ನು ಹಾಗೇ ಅವಳ ಪಾತ್ರೆಗೆ ಬಗ್ಗಿಸಿದಳು. ಕೊನೆಯ ಹನಿ ಬೀಳುವ ತನಕ ತಂಬಿಗೆ ಎತ್ತಿ ಹಿಡಿದಿದ್ದಳು.

ಚೌಡಮ್ಮ ಹೋದ ಮೇಲೆ ನಾನು ನೆಲಕ್ಕೆ ಕಾಲು ಬಡಿದು ಅತ್ತೆ. ಅವ್ವ ನನ್ನನ್ನು ಎಳೆದುಕೊಂಡು ಸೆರಗಿನಿಂದ ಮೂಗು ಒರೆಸಿದಳು.

"ಆಕಿ ಹೊಟ್ಟ್ಯಾಗ ಕೂಸು ಐತೆ, ನೋಡಲಿಲ್ಲೇನು? ಕೂಸಿನ ಎಲುಬು ಕಟ್ಟೋ ಕಾಲ ಅದು. ನಿಮ್ಮಪ್ಪ ಹೇಳಿಲ್ವಾ ಸಾಲ್ಯಾಗ?"

ಅವಳಿಗೂ ಪಾಠ ಗೊತ್ತಿತ್ತು! ಅಪ್ಪ ಮನೆಯಲ್ಲಿ ಕೂತು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುವಾಗ ಅಡುಗೆಮನೆಯಿಂದ ಕೇಳಿಸಿಕೊಂಡೇ ಎಲ್ಲ ಕಲಿತಿದ್ದಳು. ತನ್ನನ್ನು ಬಿಟ್ಟು ಓಣಿಗೆಲ್ಲ ಅದನ್ನು ಅನ್ವಯಿಸುತ್ತಿದ್ದಳು. ನಾನು ಆಮೇಲೆಯೂ ಮಜ್ಜಿಗೆ ಬಚ್ಚಿಡುತ್ತಲೇ ಹೋದೆ. ಒಂದೊಂದು ದಿನ ಕುಡಿದಳು, ಬಹಳ ದಿನ ಯಾರಾದರೂ ಬಂದರು.

ಮಳೆಗಾಲದ ಒಂದು ಬೆಳಿಗ್ಗೆ ಅವ್ವ ಬಿದ್ದಳು. ಜೋರಾಗಿ ಬಿದ್ದದ್ದೇನಲ್ಲ. ಕಡೆದು ಮುಗಿಸಿ ಗೋಡೆ ಹಿಡಿದು ಎದ್ದವಳು ಒದ್ದೆ ಕಲ್ಲಿನ ಮೇಲೆ ಕಾಲು ಜಾರಿ ಕೂತ ಹಾಗೆ ಬಿದ್ದಳು, ಅಷ್ಟೇ. ನನ್ನ ತಮ್ಮಂದಿರು ದಿನಕ್ಕೆ ಹಾಗೆ ಎಷ್ಟೋ ಸಲ ಬಿದ್ದು ಏಳುತ್ತಿದ್ದರು. ಅವ್ವ ಏಳಲಿಲ್ಲ. ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ, ಬಾಡಿಗೆ ಟೆಂಪೋದಲ್ಲಿ ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ವರ್ಷಾ ವರ್ಷ ಬಯಲಿನಲ್ಲಿ ಮನುಷ್ಯನ ಎಲುಬು ಜೋಡಿಸುತ್ತಿದ್ದ ಅಪ್ಪನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವ್ವನ ಎಲುಬುಗಳು ತೀರಾ ಮಸುಕಾಗಿದ್ದವು. ತೊಡೆಯ ಸಂದಿನಲ್ಲಿ ಮುರಿದಿತ್ತು.

"ಎಲುಬಿನಲ್ಲಿ ಏನೂ ಉಳಿದಿಲ್ಲ. ಈ ವಯಸ್ಸಿಗೆ ಹೀಗಾಗಬಾರದು" ಎಂದರು ಡಾಕ್ಟರು. "ಮನೆಯಲ್ಲಿ ಹಾಲು ಮಜ್ಜಿಗೆಗೆಲ್ಲ ತೊಂದರೆ ಇದೆಯಾ? ನಿಮ್ಮದು ಏನು ಕೆಲಸ?"

ಅಪ್ಪ ಎಕ್ಸ್‌ರೇಯನ್ನೇ ನೋಡುತ್ತಿದ್ದ. ಜೊತೆಗೆ ಬಂದಿದ್ದ ದೊಡ್ಡಪ್ಪನೇ ಹೇಳಿದ, "ನಮ್ದು ಬೆಣ್ಣೆ ವ್ಯಾಪಾರ ರೀ."

ಡಾಕ್ಟರು ನಮ್ಮ ಮುಖವನ್ನು ಒಬ್ಬೊಬ್ಬರದಾಗಿ ನೋಡಿದರು. ಇಂಥ ಎಲುಬಿಗೆ ಮೊಳೆ ಹೊಡೆದರೂ ನಿಲ್ಲುವುದಿಲ್ಲ, ಕಾಲಿಗೆ ತೂಕ ಕಟ್ಟಿ ಎಳೆದಿಟ್ಟು ನೋಡೋಣ ಎಂದರು. ವಾರಗಟ್ಟಲೆ ಮಲಗಿಸಿದರೂ ಎಲುಬು ಕೂಡಲಿಲ್ಲ. ಹಾಲು ಕೊಡಿ, ಮಾತ್ರೆ ಕೊಡಿ, ಬಿಸಿಲಿಗೆ ಮಲಗಿಸಿ ಎಂದು ಹೇಳಿ ಮನೆಗೆ ಕಳಿಸಿದರು.

ಆಮೇಲೆ ನಮ್ಮ ಮನೆ ಬದಲಾಯಿತು, ಏನು ಪ್ರಯೋಜನ? ಅಜ್ಜಿ ತಾನೇ ಗಡಿಗೆಯ ಮುಂದೆ ಕೂತಳು. ದಿನಾ ಕರೆದ ಹಾಲಿನಲ್ಲಿ ಮೊದಲ ಲೋಟ ಸೊಸೆಗೆ ಎತ್ತಿಡುವಳು, ಮಂಚದ ಹತ್ತಿರ ನಿಂತು "ಕುಡಿ ನೀಲಾ, ನನ್ನ ಕಣ್ಣ ಮುಂದೆ ಕುಡಿ" ಎನ್ನುವಳು. ಅವ್ವನಿಗೆ ನುಂಗಲು ಆಗುತ್ತಿರಲಿಲ್ಲ. ಅತ್ತೆ ನಿಂತಿರುವಾಗ, ಮಕ್ಕಳು ಇನ್ನೂ ಕುಡಿಯದೇ ಇರುವಾಗ, ಅವಳ ಗಂಟಲಿಗೆ ಹಾಲು ಇಳಿಯುತ್ತಿರಲಿಲ್ಲ. "ಗಿರಿಜಾ ಕುಡಿದ್ಲಾ? ಹುಡುಗ್ರು ಕುಡಿದ್ವಾ?" ಎಂದು ಕೇಳಿ ಕೇಳಿ, ಎರಡು ಗುಟುಕಿಗೆ ಲೋಟ ಪಕ್ಕಕ್ಕಿಡುವಳು. ಅಜ್ಜಿ ಮಂಚವನ್ನು ಕಟ್ಟೆಗೆ ಹಾಕಿಸಿದಳು. ದೊಡ್ಡಪ್ಪ ತನ್ನ ಜಾಗ ಬಿಟ್ಟು ಒಳಗೆ ಹೋದ. ಅವ್ವ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಮಲಗಿದಳು, ಆದರೆ ಕಾಲಿಗೆ ದುಪ್ಪಟಿ, ಮುಖಕ್ಕೆ ಸೆರಗು ಎಳೆದುಕೊಂಡು.

"ಮುಖದ ಮ್ಯಾಲಿಂದ ತೆಗಿಯವ್ವಾ. ಬಿಸಿಲು ಬೀಳಬೇಕು" ಎಂದರೆ, "ಓಣ್ಯಾಗ ಗಂಡಸ್ರು ಓಡಾಡ್ತಾರೆ ಗಿರಿಜಾ, ನಂಗೆ ಒಳಗೇ ಬೇಸು" ಎನ್ನುವಳು. ಚೌಡಮ್ಮ ತನ್ನ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಅವಳ ಪಾದ ಒತ್ತುತ್ತಾ ಕೂರುತ್ತಿದ್ದಳು. ಆ ಕೂಸು ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ ನನಗೆ ಅದನ್ನು ನೋಡಲು ಸಂಕಟವಾಗುತ್ತಿತ್ತು.

ಚಳಿ ಬಂತು. ಮಲಗಿಯೇ ಇದ್ದುದರಿಂದ ಅವ್ವನ ಎದೆಗೆ ಕಫ ಕಟ್ಟಿತು. ಕೆಮ್ಮಿದರೆ ಪಕ್ಕೆಯ ಎಲುಬು ನೋಯುತ್ತದೆಂದು ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಹಾಲಿನ ಲೋಟ ಹಿಡಿದು ಹೋದ ಅಜ್ಜಿ ಅಲ್ಲೇ ಕುಸಿದು ಕೂತು ನಮ್ಮನ್ನೆಲ್ಲ ಕೂಗಿದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ, ಪದ್ಮಾಸನ ಹಾಕಿಸಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣಿಗೆ ಇಡುವುದೂ ಹಾಗೇ. ಮೈ ಸೆಟೆಯುವ ಮೊದಲೇ ಕೂರಿಸಬೇಕು ಎಂದು ಮಠದ ಅಯ್ಯನೋರು ಅವಸರ ಮಾಡಿದರು. ದೊಡ್ಡಪ್ಪನೂ ಸೋದರಮಾವನೂ ಸೇರಿ ಅವ್ವನನ್ನು ಎತ್ತಿ ಕೂರಿಸಿದರು. ಎಡಗಾಲು ಮಡಿಸಿದರು. ಮುರಿದ ಕಾಲನ್ನು ದೊಡ್ಡಪ್ಪ ಒಳಗೆ ಎಳೆದ. ಚಟ್ ಎಂದು ಸದ್ದಾಯಿತು. ಪಡಸಾಲೆಯಲ್ಲಿದ್ದವರೆಲ್ಲರಿಗೂ ಕೇಳಿಸಿತು.

"ಮೆಲ್ಲಕ ಹಿಡೀರೋ!" ಎಂದು ಅಜ್ಜಿ ಕಿರುಚಿದಳು. "ನೋಯ್ತೈತೆ ಆಕಿಗೆ!"

ಅಯ್ಯನೋರು ಅಜ್ಜಿಯ ಹತ್ತಿರ ಬಗ್ಗಿ, "ಇನ್ನು ಆಕಿಗೆ ನೋವಿಲ್ಲ ತಾಯಿ" ಎಂದರು. ದೊಡ್ಡಪ್ಪ ಬೆವರು ಒರೆಸಿಕೊಂಡು ಮತ್ತೆ ಕಾಲಿಗೆ ಕೈ ಹಾಕಿದ. ಆಗ ಅಪ್ಪ, ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದ ಅಪ್ಪ, ಮುಂದೆ ಬಂದು ಅಣ್ಣನ ಕೈ ಹಿಡಿದ.

"ಬ್ಯಾಡ."

ಆ ಮನೆಯಲ್ಲಿ ಅಪ್ಪನ ಬಾಯಿಂದ ಆ ಮಾತು ನಾನು ಅದೇ ಮೊದಲು ಕೇಳಿದ್ದು.

"ಪದ್ಧತಿ ಐತಲ್ಲೋ, ಹಿಂಗೆ ಬಿಟ್ರೆ ಹೆಂಗೆ? ಜನ ಏನಂತಾರೆ?"

"ಆ ಕಾಲು ಮಡಿಸಬ್ಯಾಡ್ರಿ. ಗುಣಿ ಅಗಲ ತೆಗೆಸ್ರಿ."

ದೊಡ್ಡಪ್ಪ ಅಜ್ಜಿಯ ಮುಖ ನೋಡಿದ. ಅಯ್ಯನೋರೂ ನೋಡಿದರು. ಅಜ್ಜಿ ನೆಲದ ಮೇಲೆಯೇ ತೆವಳಿಕೊಂಡು ಬಂದು ಅವ್ವನ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಕೂಸಿನ ಕಾಲು ನೀವುವಂತೆ ನೀವಿ, ನೇರ ಮಾಡಿ ಇಟ್ಟಳು.

"ಹಂಗೇ ಕೂಡ್ಲಿ ಬಿಡು" ಎಂದಳು.

ವಿಭೂತಿ ಹಚ್ಚಿ, ಹಸಿರು ಸೀರೆ ಉಡಿಸಿ, ಹೂ ಮುಡಿಸಿದರು. ಓಣಿಯವರೆಲ್ಲ ಬಂದರು, ಬರಿಗೈಯಲ್ಲಿ ಬಂದು ಮುಂಬಾಗಿಲಲ್ಲಿ ನಿಂತರು. ಹಿರಿಯರ ಎದುರಿಗೆ ಕಾಲು ಚಾಚಿ ಕೂರುವುದು ನಮ್ಮ ಮನೆಯಲ್ಲಿ ಯಾವ ಸೊಸೆಗೂ ಇಲ್ಲದ ಮಾತು. ಅವತ್ತು ಪಡಸಾಲೆಯ ನಡುವೆ, ಅತ್ತೆ, ಭಾವ, ಗಂಡ, ಅಯ್ಯನೋರು ಎಲ್ಲರ ಎದುರಿಗೆ ಅವ್ವ ಒಂದು ಕಾಲು ಚಾಚಿ ಸಂಜೆಯವರೆಗೆ ಕೂತಿದ್ದಳು.